ಪದಚರ್ಚೆ: ವಿಮಾನದ ‘ಹೆವಿ ಗೇಜ್’ ತಂತಿಗೆ ಏನೆನ್ನೋಣ?

ಬಲ್ಲವರಲ್ಲಿ ಒಂದು ಕೇಳಿಕೆ. ತಮ್ಮ ಕೈಯಿಂದಲೇ ಸಣ್ಣ ವಿಮಾನ ಕಟ್ಟಿಕೊಳ್ಳುವವರಿಗಾಗಿ ಕನ್ನಡದಲ್ಲಿ ಒಂದು ಕೈಪಿಡಿ ಸಿದ್ಧವಾಗುತ್ತಿದೆ. ಬ್ಯಾಟರಿಯಿಂದ ಸ್ಟಾರ್ಟರ್ ಮೋಟರಿಗೆ ಹೋಗುವ ‘ಹೆವಿ ಗೇಜ್ ವೈರ್’, ಅಂದರೆ ದಪ್ಪ ತಂತಿ, ಬಂದ ಕಡೆಯೆಲ್ಲ ಕರಡು ತೊಡರುತ್ತಿದೆ. ಒಬ್ಬರು ‘ಭಾರವಾದ ತಂತಿ’ ಎಂದು ಬರೆದಿದ್ದಾರೆ, ಇನ್ನೊಬ್ಬರು ‘ಹೆಚ್ಚಿನ ಗೇಜಿನ ತಂತಿ’ ಎಂದಿದ್ದಾರೆ. ಎರಡಕ್ಕೂ ನನ್ನ ತಕರಾರಿದೆ. ಭಾಷೆಯ ಸೊಗಸಿನ ಮಾತು ಆಮೇಲೆ ಇರಲಿ. ಓದಿದವರು ತಪ್ಪು ತಂತಿ ತಂದು ಹಾಕಿಬಿಡಬಹುದು ಎಂಬುದು ಮೊದಲ ಚಿಂತೆ.

‘ಹೆಚ್ಚಿನ ಗೇಜ್’ ಎಂದರೆ ಓದುಗನು ದೊಡ್ಡ ಸಂಖ್ಯೆಯನ್ನು ಹುಡುಕುತ್ತಾನೆ. ಗೇಜ್ ಎಂದರೆ ತಂತಿಯ ದಪ್ಪ ಸೂಚಿಸುವ ಸಂಖ್ಯೆ, ಅದರ ಲೆಕ್ಕ ತಿರುಗುಮುರುಗು: ಸಂಖ್ಯೆ ಏರಿದಂತೆ ತಂತಿ ತೆಳುವಾಗುತ್ತದೆ. ಅಮೆರಿಕದ ಗೇಜಿನಲ್ಲಿ 36ನೆಯ ಸಂಖ್ಯೆಯ ತಂತಿ ಕೇವಲ 0.127 ಮಿ.ಮೀ. ವ್ಯಾಸದ್ದು, 4ನೆಯದು ಸುಮಾರು 5.2 ಮಿ.ಮೀ., 2ನೆಯದು 6.5 ಮಿ.ಮೀ. ಸೊನ್ನೆ ಮುಟ್ಟಿದ ಮೇಲೂ ದಪ್ಪ ತಂತಿಗಳಿವೆ, ಅವಕ್ಕೆ ಎರಡು ಸೊನ್ನೆ, ಮೂರು ಸೊನ್ನೆ ಎಂದು ಸೊನ್ನೆಗಳನ್ನೇ ಪೋಣಿಸುತ್ತಾರೆ. ನಾಲ್ಕು ಸೊನ್ನೆಯ ತಂತಿ 11.68 ಮಿ.ಮೀ. ಮೂರು ಸಂಖ್ಯೆ ಇಳಿದರೆ ಅಡ್ಡಕೊಯ್ತದ ವಿಸ್ತೀರ್ಣ ಹೆಚ್ಚುಕಡಿಮೆ ಇಮ್ಮಡಿ, ಆರು ಇಳಿದರೆ ವ್ಯಾಸ ಇಮ್ಮಡಿ. ಈ ತಲೆಕೆಳಗಿನ ಎಣಿಕೆಗೆ ಕಾರಣ ತಂತಿ ತಯಾರಿಸುವ ಬಗೆಯಲ್ಲೇ ಇದೆ. ಲೋಹವನ್ನು ಒಂದಕ್ಕಿಂತ ಒಂದು ಕಿರಿದಾದ ತೂತುಗಳ ಮೂಲಕ ಎಳೆಯುತ್ತ ಹೋಗುತ್ತಾರೆ, ಹೆಚ್ಚು ಸಲ ಎಳೆದಷ್ಟೂ ತಂತಿ ಸಣ್ಣದಾಗುತ್ತದೆ. ಅಕ್ಕಸಾಲಿಗರ ಕಂಬಚ್ಚು ಮಾಡುವುದೂ ಇದನ್ನೇ. ಬ್ರಿಟಿಷರ ಗೇಜೂ ಇದೇ ಜಾಡಿನದು, ಆದರೆ ಅಳತೆಗಳು ಬೇರೆ. ಹಾಗಾಗಿ ಬರಿದೇ ‘20 ಗೇಜ್’ ಎಂದರೆ ಯಾರ ಗೇಜ್ ಎಂಬ ಪ್ರಶ್ನೆ ಉಳಿದೇ ಉಳಿಯುತ್ತದೆ.

ನನ್ನ ಸಲಹೆ ಇಷ್ಟೇ. ಗೇಜ್ ಪದವನ್ನು ಹಾಗೆಯೇ ಇಟ್ಟುಕೊಳ್ಳೋಣ, ಆದರೆ ಅದರ ಹಿಂದೆ ‘ಹೆಚ್ಚು’, ‘ಕಡಿಮೆ’, ‘ದೊಡ್ಡ’, ‘ಸಣ್ಣ’ ಎಂಬ ಯಾವ ವಿಶೇಷಣವೂ ಬೇಡ. ‘ಗೇಜ್ ಸಂಖ್ಯೆ 2’ ಎನ್ನೋಣ. ದಪ್ಪವನ್ನು ‘ದಪ್ಪ’ ಎಂದೇ ಹೇಳಿ, ಪಕ್ಕದಲ್ಲಿ ಚದರ ಮಿಲಿಮೀಟರಿನ ಲೆಕ್ಕ ಕೊಡೋಣ: ‘ದಪ್ಪ ತಂತಿ, ಗೇಜ್ ಸಂಖ್ಯೆ 2, 33.6 ಚ.ಮಿ.ಮೀ.’ ಎಂದು. ಗೇಜ್ ಎಂಬುದಕ್ಕೆ ‘ಮಾಪಕ’ ಎಂದು ಹಾಕಿದರೆ ಅದೇ ಪುಟದಲ್ಲಿರುವ ಇಂಧನಮಾಪಕ, ಒತ್ತಡಮಾಪಕಗಳ ಜೊತೆ ಕಲಸಿಹೋಗುತ್ತದೆ.

ಇನ್ನು ‘ಭಾರವಾದ ತಂತಿ’. ಕಟ್ಟಡದ ಕೆಲಸವಾಗಿದ್ದರೆ ಹೇಗೋ ನಡೆಯುತ್ತಿತ್ತೇನೋ. ವಿಮಾನದ ಮಟ್ಟಿಗೆ ಇದು ಅಪಾರ್ಥ. ಅಲ್ಲಿ ದಪ್ಪವೇ ಬೇರೆ, ಭಾರವೇ ಬೇರೆ, ಕಟ್ಟುವವರ ತಲೆನೋವೆಲ್ಲ ಈ ಎರಡರ ನಡುವಿನ ಜಗ್ಗಾಟ. 1979ರಲ್ಲಿ ಮೊದಲು ಹಾರಿದ, ವಿಮಾನ ವಿನ್ಯಾಸಕ ಬರ್ಟ್ ರುಟಾನ್ ಅವರ ಲಾಂಗ್-ಈಜಿ ವಿಮಾನದ ಮಾದರಿಯನ್ನೇ ನೋಡಿ. ಎಂಜಿನ್ ಹಿಂದಿದೆ, ತೂಕ ಸರಿದೂಗಲೆಂದು ಬ್ಯಾಟರಿಯನ್ನು ಮೂತಿಯಲ್ಲಿ ಇಟ್ಟರೆ, ಸ್ಟಾರ್ಟರಿನ ತಂತಿ ವಿಮಾನದ ಉದ್ದಕ್ಕೂ ಸಾಗಬೇಕು. ಒಡಲು ಗಾಜಿನ ನಾರು ಮತ್ತು ರಾಳದ್ದಾದ್ದರಿಂದ ಅದರ ಮೂಲಕ ವಿದ್ಯುತ್ ಮರಳಿ ಬರುವಂತಿಲ್ಲ, ಬರುವ ದಾರಿಗೂ ತಂತಿ ಬೇಕು. ಹೋಗಿ ಬರುವ ಒಟ್ಟು ಉದ್ದ 8 ಮೀಟರ್, ಎಂಜಿನ್ ತಿರುಗಿಸುವಾಗ ಹರಿಯುವುದು 200 ಆಂಪಿಯರ್ ಎಂದಿಟ್ಟುಕೊಳ್ಳಿ. ಗೇಜ್ ಸಂಖ್ಯೆ 4ರ ತಾಮ್ರದಲ್ಲಿ ಸುಮಾರು 1.3 ವೋಲ್ಟ್ ದಾರಿಯಲ್ಲೇ ಸೋರಿಹೋಗುತ್ತದೆ, ತಾಮ್ರದ ತೂಕ ಒಂದೂವರೆ ಕಿಲೋ. ಸಂಖ್ಯೆ 2ಕ್ಕೆ ಇಳಿದರೆ ನಷ್ಟ 0.8 ವೋಲ್ಟ್, ತೂಕ 2.4 ಕಿಲೋ. ಅರ್ಧ ವೋಲ್ಟ್ ಉಳಿಸಲು ಮುಕ್ಕಾಲು ಕಿಲೋಗಿಂತ ಹೆಚ್ಚು ತೂಕ ಹೊರಬೇಕು, ಅದೂ ಎಂಜಿನ್ ಶುರುವಾಗುವ ಕೆಲವೇ ಸೆಕೆಂಡುಗಳಿಗಾಗಿ.

ಇಲ್ಲಿ ಅಲ್ಯೂಮಿನಿಯಂ ತಲೆಹಾಕುತ್ತದೆ. ಅದರ ವಾಹಕತೆ ತಾಮ್ರದ್ದರ ಸುಮಾರು ಶೇ 61. ಸಾಂದ್ರತೆ ಮಾತ್ರ 2.7, ತಾಮ್ರದ್ದು 8.96. ಅದೇ ರೋಧಕ್ಕೆ ತಂತಿಯನ್ನು ಒಂದೂವರೆ ಪಟ್ಟಿಗಿಂತ ತುಸು ಹೆಚ್ಚು ವಿಸ್ತೀರ್ಣದ್ದಾಗಿ ಮಾಡಬೇಕು, ಆದರೂ ತೂಕ ಅರ್ಧಕ್ಕೆ ಇಳಿಯುತ್ತದೆ. ಮೇಲಿನ 2.4 ಕಿಲೋ 1.2 ಆಗುತ್ತದೆ. ಅಂದರೆ ಹೆಚ್ಚು ದಪ್ಪದ ತಂತಿಯೇ ಹೆಚ್ಚು ಹಗುರ. ‘ಭಾರವಾದ’ ಎಂದು ಬರೆದವರು ಈ ಸಾಲನ್ನು ಹೇಗೆ ಬರೆಯುತ್ತಾರೋ ನೋಡಬೇಕು.

‘ವಾಹಕ’ದ ಬಗ್ಗೆ ಚರ್ಚೆ ಬೇಡ, ಶಾಲೆಯ ಪುಸ್ತಕದಿಂದಲೇ ಅದು ನಿಂತಿದೆ. ಇನ್ಸುಲೇಷನ್ನಿಗೆ ‘ನಿರೋಧಕ’ ಎಂದು ಮಾತ್ರ ಹಾಕಬಾರದು. ರೆಸಿಸ್ಟರಿಗೂ ಅದೇ ಹೆಸರು ಓಡಾಡುತ್ತಿದೆ. ‘ಹೊದಿಕೆ’ ಸಾಕು.

ಸಾಲಿಡ್ ಮತ್ತು ಸ್ಟ್ರ್ಯಾಂಡೆಡ್ ಎಂಬ ಜೋಡಿಗೆ ಕನ್ನಡದಲ್ಲಿ ಒಳ್ಳೆಯ ಪದಗಳು ಸಿದ್ಧವಾಗಿಯೇ ಇವೆ. ಒಂದೇ ಗಟ್ಟಿ ಲೋಹದ್ದು ‘ಕಂಬಿ’, ಹಲವು ಎಳೆಗಳನ್ನು ಹೊಸೆದದ್ದು ‘ಹುರಿ’. ಕಂಬಿ ವಿಮಾನಕ್ಕೆ ಆಗದು: ಎಡೆಬಿಡದ ಅದುರಿಗೆ ಬಾಗಿ ಬಾಗಿ, ತುದಿಗೆ ಬಿಗಿಯುವ ಲೋಹದ ಕೊಂಡಿಯಾದ ಲಗ್ಗಿನ ಬುಡದಲ್ಲಿ ಮುರಿಯುತ್ತದೆ. ಗೇಜ್ ಸಂಖ್ಯೆ 20ರ ಮಾಮೂಲಿ ವಿಮಾನ ತಂತಿಯಲ್ಲೇ ಸಂಖ್ಯೆ 32ರ 19 ಎಳೆಗಳಿರುತ್ತವೆ. ‘ಎಳೆ’ ಎಂಬುದು ನಮ್ಮ ಹಳೆಯ ಎಲೆಕ್ಟ್ರಿಷಿಯನ್ನರಿಗೂ ಹೊಸದಲ್ಲ. ಅವರು ಏಳು-ಇಪ್ಪತ್ತು ಎಂದರೆ ಬ್ರಿಟಿಷ್ ಗೇಜಿನ 20ನೆಯ ಸಂಖ್ಯೆಯ ಏಳು ಎಳೆ ಎಂದರ್ಥ. ‘ತಂತು’ ಎಂದು ಯಾರೋ ಸೂಚಿಸಿದ್ದಾರೆ, ಅದನ್ನು ಬಲ್ಬಿನ ಒಳಗೆ ಉರಿಯುವುದಕ್ಕೇ ಬಿಡೋಣ.

ಲೋಹದ ಮೇಲಿನ ಲೋಹಕ್ಕೆ ಬಂದರೆ ಕನ್ನಡ ನಿಜಕ್ಕೂ ಶ್ರೀಮಂತವಾಗಿದೆ, ನಾವೇ ಅದನ್ನು ಬಳಸುತ್ತಿಲ್ಲ. ತವರ ಬಳಿದ ತಾಮ್ರಕ್ಕೆ ‘ತವರಲೇಪಿತ’ ಎಂದು ತಿಣುಕುವುದೇಕೆ? ಪಾತ್ರೆಗೆ ಹಾಕಿಸುತ್ತಿದ್ದ ಕಲಾಯಿಯೇ ಅದು, ಅದೇ ತವರ, ಅದೇ ತಾಮ್ರ. ‘ಕಲಾಯಿ ತಾಮ್ರ’ ಎಂದರೆ ಮುಗಿಯಿತು. ಬೆಳ್ಳಿಯದಕ್ಕೆ ‘ಬೆಳ್ಳಿ ಮುಲಾಮಿನ ತಾಮ್ರ’ ಎನ್ನಬಹುದು (ಮುಲಾಮು ಎಂದರೆ ಲೋಹದ ಮೇಲಿನ ಲೋಹದ ತೆಳು ಲೇಪ), ಆ ಪದ ಕೇಳಿದೊಡನೆ ಗಾಯಕ್ಕೆ ಹಚ್ಚುವುದು ನೆನಪಾದೀತು ಎಂಬ ಅಳುಕಿದ್ದರೂ. ಈ ಭೇದ ಅಲಂಕಾರಕ್ಕಲ್ಲ: ವಿಮಾನದ ತಂತಿಗಳಲ್ಲಿ ಕಲಾಯಿ ತಾಮ್ರ 150 ಡಿಗ್ರಿ ಸೆಲ್ಸಿಯಸ್‌ವರೆಗೆ, ಬೆಳ್ಳಿಯದು 200ರವರೆಗೆ, ನಿಕ್ಕಲ್‌ನದು 260ರವರೆಗೆ ಎಂಬುದು ರೂಢಿಯ ಮಿತಿ. ಎಂಜಿನ್ ಪಕ್ಕದಲ್ಲಿ ಹಾಯುವ ತಂತಿಗೆ ಯಾವುದು ಎಂಬುದನ್ನು ಈ ಪದವೇ ಹೇಳಬೇಕು. ಬೆಳ್ಳಿಯ ಪದರ ಎಲ್ಲಾದರೂ ಸೀಳಿ ತೇವ ಒಳಹೊಕ್ಕರೆ ಒಳಗಿನ ತಾಮ್ರ ಕೆಂಪಗೆ ಕೊರೆದುಹೋಗುತ್ತದೆ. ಇಂಗ್ಲಿಷಿನವರು ಇದನ್ನು ಕೆಂಪು ಪ್ಲೇಗ್ ಎನ್ನುತ್ತಾರೆ. ನಾವು ಪ್ಲೇಗಿನ ಗೊಡವೆಗೆ ಹೋಗದೆ ‘ಕೆಂಗಿಲುಬು’ ಎನ್ನೋಣವೇ? ಕಬ್ಬಿಣಕ್ಕೆ ತುಕ್ಕು, ತಾಮ್ರಕ್ಕೆ ಕಿಲುಬು ಎಂದು ಬೇರೆಬೇರೆ ಹೇಳುವ ಭಾಷೆ ನಮ್ಮದು.

ಅಲ್ಯೂಮಿನಿಯಂಗೆ ಮಾತ್ರ ಇಂಥ ಪದವಿಲ್ಲ. ಅದರ ಮೈಮೇಲೆ ಗಾಳಿ ತಾಗಿದ ಕ್ಷಣವೇ ಕಟ್ಟುವ ಆಕ್ಸೈಡ್ ಕಣ್ಣಿಗೆ ಕಾಣದಷ್ಟು ತೆಳು, ವಿದ್ಯುತ್ತನ್ನು ಬಿಡದಷ್ಟು ಹಟಮಾರಿ. ಅದಕ್ಕೆ ‘ಪೊರೆ’ ಎಂದಿದ್ದೇನೆ. ಇನ್ನೊಂದು ಕಾಟ, ಲಗ್ಗಿನಲ್ಲಿ ಬಿಗಿದ ಅಲ್ಯೂಮಿನಿಯಂ ಒತ್ತಡಕ್ಕೆ ನಿಧಾನವಾಗಿ ಪಕ್ಕಕ್ಕೆ ಸರಿಯುವುದು. ಇಂದು ಬಿಗಿಯಾಗಿದ್ದದ್ದು ತಿಂಗಳುಗಳಲ್ಲಿ ಸಡಿಲವಾಗಿ, ಬಿಸಿಯಾಗಿ, ಇನ್ನಷ್ಟು ಸಡಿಲವಾಗುತ್ತದೆ. ಇದಕ್ಕೆ ಕರಡಿನಲ್ಲಿ ‘ತೆವಳುವಿಕೆ’ ಎಂದಿದೆ. ‘ಜರುಗು’ ಎಂಬ ಕ್ರಿಯಾಪದ ವಾಸಿ ಎಂದು ನನ್ನ ಅಭಿಪ್ರಾಯ.

ನಿಜವಾದ ಗಂಟು ಇರುವುದು ಸಿಸಿಎ (ಕಾಪರ್ ಕ್ಲ್ಯಾಡ್ ಅಲ್ಯೂಮಿನಿಯಂ) ಎಂದು ಕರೆಯುವ ತಂತಿಯಲ್ಲಿ: ಒಳಗೆ ಅಲ್ಯೂಮಿನಿಯಂ, ಹೊರಗೆ ತಾಮ್ರ. ತೂಕ ಕಡಿಮೆ, ಲಗ್ಗಿಗೆ ತಾಗುವ ಮೈ ತಾಮ್ರದ್ದು. ಆದ್ದರಿಂದಲೇ ಇದನ್ನು ಬ್ಯಾಟರಿ ತಂತಿಯಾಗಿ ಮೆಚ್ಚುವವರಿದ್ದಾರೆ. ‘ತಾಮ್ರಲೇಪಿತ’ ಎಂದರೆ ತಪ್ಪು ಕಲ್ಪನೆ ಬರುತ್ತದೆ. ಇದು ಬಳಿದದ್ದಲ್ಲ, ಎರಡು ಲೋಹಗಳನ್ನು ಬೆಸೆದು ಒಟ್ಟಿಗೇ ಎಳೆದದ್ದು. ತಾಮ್ರದ ಪಾಲು ಗಾತ್ರದಲ್ಲಿ ಸಾಮಾನ್ಯವಾಗಿ ಶೇ 10 ಇಲ್ಲವೇ 15. ‘ತಾಮ್ರ ಹೊದಿಸಿದ’ ಎಂದರೆ ಹೊದಿಕೆಯ ಜೊತೆ ಗೊಂದಲ. ‘ತಾಮ್ರಕವಚದ’ ಎಂದರೆ ರೇಡಿಯೊ ತಂತಿಗಳ ಹೆಣೆದ ಕವಚ ಅಡ್ಡ ಬರುತ್ತದೆ. ‘ತಾಮ್ರದ ಪೊರೆಯ’ ಎನ್ನೋಣವೆಂದರೆ ಪೊರೆಯನ್ನು ಈಗಷ್ಟೇ ಆಕ್ಸೈಡಿಗೆ ಕೊಟ್ಟಿದ್ದೇನೆ. ಸದ್ಯಕ್ಕೆ ‘ತಾಮ್ರ ಮೈಯ ಅಲ್ಯೂಮಿನಿಯಂ’ ಎಂದು ಬರೆದಿಟ್ಟಿದ್ದೇನೆ, ಕಿವಿಗೆ ಹಿತವಾಗಿಲ್ಲ. ಇದಕ್ಕಿಂತ ಒಳ್ಳೆಯದು ನಿಮಗೆ ಹೊಳೆದರೆ ತಿಳಿಸಿ.

ವೆಲ್ಡಿಂಗ್ ಕೇಬಲನ್ನು ಕನ್ನಡಿಸುವ ಆಸೆಯನ್ನು ಬಿಟ್ಟಿದ್ದೇನೆ. ಕೂದಲೆಳೆಯಂಥ ತಾಮ್ರದ ಹುರಿ, ಮೇಲೆ ರಬ್ಬರು. ಇಕ್ಕಟ್ಟಿನಲ್ಲೂ ಸಲೀಸಾಗಿ ಬಾಗುವುದರಿಂದ ಬ್ಯಾಟರಿ ಪಕ್ಕದ ತುಂಡುಗಳಿಗೆ ಹಲವರು ಇದನ್ನೇ ಬಳಸುತ್ತಾರೆ. ಆದರೆ ನಮಗೆ ವೆಲ್ಡಿಂಗೂ ಬೆಸುಗೆ, ಸಾಲ್ಡರಿಂಗೂ ಬೆಸುಗೆ. ‘ಬೆಸುಗೆ ತಂತಿ’ ಎಂದು ಅಚ್ಚಾದರೆ ಓದುಗನು ಸೀಸದ ಸುರುಳಿಯನ್ನು ಕೈಗೆತ್ತಿಕೊಳ್ಳುತ್ತಾನೆ.

ಕೊನೆಯದಾಗಿ ಗ್ರೌಂಡ್. ‘ಭೂಸಂಪರ್ಕ’ ಎಂಬ ಪದ ಆಕಾಶದಲ್ಲಿರುವ ವಿಮಾನಕ್ಕೆ ಹೊಂದುವುದಿಲ್ಲ, ಮೇಲಾಗಿ ಇಲ್ಲಿ ಭೂಮಿಗೆ ಯಾವ ಕೆಲಸವೂ ಇಲ್ಲ; ಬ್ಯಾಟರಿಯ ಋಣ ತುದಿಗೆ ವಿದ್ಯುತ್ ಹಿಂದಿರುಗುವ ದಾರಿ ಅದು. ‘ಮರಳುತಂತಿ’ ಎಂದರೆ ಉಸುಕಿನದೋ ಎನಿಸುತ್ತದೆ. ಲೋಹದ ಒಡಲೇ ದಾರಿಯಾದಲ್ಲಿ ‘ಒಡಲ ಜೋಡಣೆ’, ಬೇರೆ ತಂತಿ ಎಳೆದಲ್ಲಿ ‘ವಾಪಸು ತಂತಿ’ ಎಂದು ಎರಡು ಪದ ಇಟ್ಟುಕೊಂಡರೆ ನಕ್ಷೆ ಓದುವವರಿಗೆ ಅನುಕೂಲ ಎಂಬುದು ನನ್ನ ಎಣಿಕೆ. ಕಾರು, ಟ್ರ್ಯಾಕ್ಟರುಗಳ ವೈರಿಂಗ್ ಮಾಡುವವರು ಇದಕ್ಕೆ ‘ಬಾಡಿ ಅರ್ಥ್’ ಅಲ್ಲದೆ ಬೇರೇನಾದರೂ ಹೇಳುವುದನ್ನು ಕೇಳಿದ್ದರೆ ದಯವಿಟ್ಟು ಬರೆಯಿರಿ. ಆ ಅಧ್ಯಾಯದ ನಕ್ಷೆಗಳಿಗೆ ಇನ್ನೂ ಹೆಸರು ಹಾಕಿಲ್ಲ.