ಕನ್ನಡಕ ಹಾಕಿದ್ರೂ ಮಗಳಿಗೆ ಒಂದು ಕಣ್ಣು ಮಂಜು, ಇದು ಶಾರ್ಟ್ ಸೈಟಾ ಲೇಜಿ ಐನಾ?

ಕಿಟಕಿಪಕ್ಕ:
ಮಗಳಿಗೆ 6 ವರ್ಷ. ಡಾಕ್ಟರ್ ಡ್ರಾಪ್ಸ್ ಹಾಕಿ ಚೆಕ್ ಮಾಡಿ ಬಲಗಣ್ಣು ಮೈನಸ್ 1, ಎಡಗಣ್ಣು ಮೈನಸ್ 6 ಅಂತ ಬರ್ಕೊಟ್ರು. ಈಗ ಕನ್ನಡಕ ಹಾಕಿದ್ರೆ ಬಲಗಣ್ಣಲ್ಲಿ ಕೊನೇ ಸಾಲು ಪಟಪಟ ಓದ್ತಾಳೆ, ಎಡಗಣ್ಣಲ್ಲಿ ಮೂರನೇ ಸಾಲಿಗೇ ನಿಂತ್ಬಿಡ್ತಾಳೆ. ಲೇಜಿ ಐ ಅಂತೆ. ನಾನು ಲೇಜಿ ಐ ಅಂದ್ರೆ ಮೆಳ್ಳೆಗಣ್ಣು ಅಂದ್ಕೊಂಡಿದ್ದೆ, ಇವಳ ಕಣ್ಣು ನೆಟ್ಟಗೇ ಇದೆ. ನನಗೂ ಮೈನಸ್ 4 ಇದೆ, ಕನ್ನಡಕ ಹಾಕಿದ ತಕ್ಷಣ ಎಲ್ಲಾ ಕ್ಲಿಯರ್, ಇವಳಿಗ್ಯಾಕೆ ಹಂಗಾಗಲ್ಲ? ನಂಬರ್ ತಪ್ಪಾಗಿರ್ಬೋದಾ?

ಲೆನ್ಸ್‌ಡಬ್ಬಿ:
ನಂಬರ್ ತಪ್ಪಿರೋದು ಡೌಟು. ನಿಮ್ಮದು ಬರೀ ಸಮೀಪದೃಷ್ಟಿ, ಅಂದ್ರೆ ಕಣ್ಣುಗುಡ್ಡೆ ಸ್ವಲ್ಪ ಉದ್ದ ಇರೋದ್ರಿಂದ ದೂರದ ಬೆಳಕು ರೆಟಿನಾಗಿಂತ (ಕಣ್ಣಿನ ಹಿಂಭಾಗದ ಪರದೆ) ಮುಂದೇನೇ ಫೋಕಸ್ ಆಗ್ಬಿಡುತ್ತೆ, ಮೈನಸ್ ಲೆನ್ಸ್ ಅದನ್ನ ಹಿಂದಕ್ಕೆ ತಳ್ಳುತ್ತೆ, ಕತೆ ಮುಗೀತು. ಮಗಳಿಗೆ ಅದೂ ಇದೆ, ಅದರ ಮೇಲೆ ಲೇಜಿ ಐ ಕೂಡ. ಹುಟ್ಟಿದಾಗಿಂದ ಎರಡು ಕಣ್ಣಿಂದ ಮೆದುಳಿಗೆ ಒಂದು ಚಂದದ ಚಿತ್ರ ಒಂದು ಮಬ್ಬು ಚಿತ್ರ ಹೋಗ್ತಿದ್ರೆ ಅದು ಚಂದದ್ದನ್ನ ಇಟ್ಕೊಂಡು ಮಬ್ಬಿನದ್ದನ್ನ ಮೂಲೆಗೆ ಹಾಕುತ್ತೆ. ಈಗ ಕನ್ನಡಕ ಎಡಗಣ್ಣಿಗೂ ಒಳ್ಳೇ ಚಿತ್ರ ಕೊಡ್ತಿದೆ, ಆದ್ರೆ ಅದನ್ನ ಓದೋದನ್ನ ಮೆದುಳು ಕಲ್ತೇ ಇಲ್ಲ. ಮೆಳ್ಳೆಗಣ್ಣು ಇದಕ್ಕೆ ಒಂದು ಕಾರಣ ಅಷ್ಟೇ, ನಂಬರ್ ವ್ಯತ್ಯಾಸ ಇನ್ನೊಂದು, ಹುಟ್ಟಿಂದ ಪೊರೆ ಇದ್ರೂ ಆಗುತ್ತೆ.
ಒಂದು ಕಣ್ಣು ಸರಿ ಇರೋದ್ರಿಂದ ಮಗು ಏನೂ ಹೇಳಲ್ಲ, ಹಾಗಾಗಿ ಮನೇಲಿ ಯಾರಿಗೂ ಗೊತ್ತಾಗಲ್ಲ. ನೀವು ಮಿಸ್ ಮಾಡ್ಬಿಟ್ರಿ ಅಂತ ಕೊರಗ್ಬೇಡಿ.

ಅಮ್ಮ_ಆಫ್_ಟೂ:
ನನ್ನ ಮಗನಿಗೂ ಇತ್ತು. ಮೊದಲು ನಾಲ್ಕು ತಿಂಗಳು ಬರೀ ಕನ್ನಡಕ, ಅದ್ರಲ್ಲೇ ಒಂದೆರಡು ಸಾಲು ಸುಧಾರಿಸ್ತು, ಆಮೇಲೆ ಮಂಜು ಕಣ್ಣು ಕೆಲಸ ಮಾಡ್ಲಿ ಅಂತ ಒಳ್ಳೇ ಕಣ್ಣಿಗೆ ದಿನಕ್ಕೆ 2 ಗಂಟೆ ಪ್ಯಾಚ್ (ಕಣ್ಣು ಮುಚ್ಚೋ ಅಂಟುಪಟ್ಟಿ). ಮೊದಲ ವಾರ ಅವನು ಕಿತ್ತು ಕಿತ್ತು ಸೋಫಾ ಕೆಳಗೆ ಅಂಟಿಸ್ತಿದ್ದ, ಗುಡಿಸುವಾಗ ಐದು ಸಿಕ್ತು 😅 ಪ್ಯಾಚನ್ನ ಚರ್ಮಕ್ಕೇ ಅಂಟ್ಸಿ ಅದ್ರ ಮೇಲೆ ಕನ್ನಡಕ ಹಾಕಿ, ಕನ್ನಡಕದ ಗಾಜಿಗೆ ಅಂಟ್ಸಿದ್ರೆ ಪಕ್ಕದಿಂದ ಇಣುಕ್ತಾರೆ. ಆ ಟೈಮಲ್ಲಿ ಚುಕ್ಕಿ ಸೇರ್ಸೋದು, ಬಣ್ಣ ತುಂಬೋದು ಮಾಡ್ಸಿ. ಮತ್ತೆ ಬೇಗ ಆಗ್ಲಿ ಅಂತ ನೀವೇ ಗಂಟೆ ಜಾಸ್ತಿ ಮಾಡ್ಬೇಡಿ, ಅತಿಯಾದ್ರೆ ಒಳ್ಳೇ ಕಣ್ಣು ಮಂಕಾಗೋ ಚಾನ್ಸ್ ಇದೆ.

ಒಂಟಿಲೆನ್ಸ್:
ನನಗೆ ಗೊತ್ತಾಗಿದ್ದೇ 24ಕ್ಕೆ. ಎರಡೂ ಕಣ್ಣು ಜೊತೆಗೆ ಕೆಲಸ ಮಾಡದೆ ದೂರ-ಹತ್ತಿರ ಸರಿಯಾಗಿ ಅಂದಾಜಾಗಲ್ಲ, ಇವತ್ತಿಗೂ ಸೂಜಿಗೆ ದಾರ ಪೋಣ್ಸೋಕೆ ನಾಲ್ಕು ಸಲ ಗಾಳಿಗೆ ಚುಚ್ತೀನಿ, 3ಡಿ ಸಿನಿಮಾಗೆ ಜಾಸ್ತಿ ದುಡ್ಡು ಕೊಡೋದು ವೇಸ್ಟು. 6 ವರ್ಷ ಅಂದ್ರೆ ಒಳ್ಳೇ ಟೈಮು, 7-8ರೊಳಗೆ ಶುರು ಮಾಡಿದ್ರೆ ಚೆನ್ನಾಗಿ ಬರುತ್ತೆ, ದೊಡ್ಡೋರಾದ್ಮೇಲೆ ಕಷ್ಟ. ಬಿಡ್ಬೇಡಿ.

ಕಿಟಕಿಪಕ್ಕ:
ಎಲ್ರಿಗೂ ಥ್ಯಾಂಕ್ಸ್. ಹಂಗಾದ್ರೆ ಪ್ಯಾಚ್ ಹಾಕ್ತಾ ಹಾಕ್ತಾ ಮೈನಸ್ 6 ಇಳಿಯುತ್ತಾ?

ಲೆನ್ಸ್‌ಡಬ್ಬಿ:
ಇಲ್ಲ, ಅಲ್ಲೇ ಎಲ್ರೂ ಎಡವೋದು. ಪ್ಯಾಚ್ ಕಣ್ಣುಗುಡ್ಡೆ ಉದ್ದ ಕಮ್ಮಿ ಮಾಡಲ್ಲ, ನಂಬರ್ ಹಂಗೇ ಇರುತ್ತೆ, ವಯಸ್ಸಿನ ಜೊತೆ ಜಾಸ್ತಿನೂ ಆಗ್ಬೋದು, ಅದಕ್ಕೆ ದಿನಾ ಹೊರಗೆ ಬೆಳಕಲ್ಲಿ ಆಡ್ಲಿ. ಪ್ಯಾಚಿಂದ ಆಗೋದು ಏನಂದ್ರೆ ಅದೇ ಮೈನಸ್ 6 ಕನ್ನಡಕದಲ್ಲಿ ಮೂರನೇ ಸಾಲು ಓದ್ತಿದ್ದೋಳು ಆರನೇದು ಓದ್ತಾಳೆ. ನಂಬರ್ ವ್ಯತ್ಯಾಸ ಇಷ್ಟಿರೋದ್ರಿಂದ ಎರಡೂ ಕಣ್ಣಿಗೆ ಕಾಣೋ ಸೈಜೂ ಬೇರೆ ಇರುತ್ತೆ, ಕಾಂಟ್ಯಾಕ್ಟ್ ಲೆನ್ಸ್ ಆಗುತ್ತಾ ಅಂತ ಮುಂದಿನ ವಿಸಿಟಲ್ಲಿ ಕೇಳಿ.