ಕಣ್ಣಿನ ‘ಪೊರೆ’: ಪೊರೆ ಯಾವುದು?

ಎಲ್ಲರಿಗೂ ನಮಸ್ಕಾರ.

ಹೋದ ತಿಂಗಳು ಅಮ್ಮನ ಬಲಗಣ್ಣಿನ ಪೊರೆ ತೆಗೆಸಿದೆವು. ಪಟ್ಟಿ ಬಿಚ್ಚಿದ ಕೂಡಲೇ ಅವಳು ಕೇಳಿದ್ದು, “ತೆಗೆದ ಪೊರೆ ಎಲ್ಲಿ? ಹಾವಿನ ಪೊರೆ ಥರ ತೆಳ್ಳಗಿತ್ತಾ?” ಅಂದಿನಿಂದ ಈ ಪದ ನನ್ನ ತಲೆಯಲ್ಲಿ ಕೊರೆಯುತ್ತಿದೆ.

ಪೊರೆ ಎಂದರೆ ಮೇಲಿನ ತೆಳು ಪದರ. ಹಾಗಾಗಿ ಕಣ್ಣಿನ ಮೇಲೆ ಏನೋ ಕಟ್ಟಿದೆ, ಸುಲಿದರೆ ಆಯಿತು, ಎಳೆಯದಾಗಿದ್ದರೆ ಹನಿ ಔಷಧಿಗೇ ಕರಗೀತು ಎಂದು ಜನ ನಂಬುತ್ತಾರೆ. ಆಗಿರುವುದೇ ಬೇರೆ. ಪಾಪೆಯ ಹಿಂದಿನ ಮಸೂರದಲ್ಲಿರುವ ಪ್ರೋಟೀನು ಗಂಟುಕಟ್ಟಿ ಮಸೂರವೇ ಮಬ್ಬಾಗಿರುತ್ತದೆ. ಯಾವ ಹನಿಯೂ ಅದನ್ನು ತಿಳಿಯಾಗಿಸದು. ಈಗ ಸಾಮಾನ್ಯವಾಗಿ 2–3 ಮಿ.ಮೀ. ಸೀಳು ಮಾಡಿ, ಅಲ್ಟ್ರಾಸೌಂಡಿನಿಂದ ಮಸೂರವನ್ನು ಪುಡಿಮಾಡಿ ಹೀರಿ ತೆಗೆದು, ಕೃತಕ ಲೆನ್ಸ್ ಕೂರಿಸುತ್ತಾರೆ. ಅಮ್ಮನಿಗೆ ತೋರಿಸಲು ಅಲ್ಲಿ ಏನೂ ಉಳಿದಿರಲಿಲ್ಲ.

ಪೊರೆ ಎನ್ನಬಹುದಾದದ್ದೊಂದು ಕಣ್ಣಿನೊಳಗೆ ನಿಜಕ್ಕೂ ಇದೆ: ಮಸೂರವನ್ನು ಸುತ್ತಿಕೊಂಡ ಚೀಲ. ಅದನ್ನು ವೈದ್ಯರು ಜೋಪಾನವಾಗಿ ಉಳಿಸಿಕೊಳ್ಳುತ್ತಾರೆ. ಹೊಸ ಲೆನ್ಸ್ ಕೂರುವುದು ಅದರೊಳಗೇ. ಕೆಲವರಿಗೆ ತಿಂಗಳುಗಳೋ ವರ್ಷಗಳೋ ಕಳೆದ ಮೇಲೆ ಆ ಚೀಲದ ಹಿಂಬದಿ ಮಸುಕಾಗುತ್ತದೆ. ಆಗ ಲೇಸರಿನಿಂದ ಅದರಲ್ಲೊಂದು ಕಿಂಡಿ ಮಾಡುತ್ತಾರೆ, ನೋಟ ತಿಳಿಯಾಗುತ್ತದೆ. ಇದಕ್ಕೆ ನಮ್ಮಲ್ಲಿ ಬೇರೆ ಹೆಸರಿಲ್ಲದೆ, “ಪೊರೆ ಮತ್ತೆ ಬಂತು, ಆಪರೇಷನ್ ಕೆಟ್ಟಿತು” ಎಂದು ಎಷ್ಟೋ ಜನ ಹೆದರುತ್ತಾರೆ. ‘ಚೀಲದ ಮಸುಕು’ ಎಂದರೆ ಹೇಗೆ?

ಪೊರೆಗೆ ಉತ್ತರ ಕರ್ನಾಟಕದ ಕಡೆ ಹೇಳುವ ‘ಮೋತಿಬಿಂದು’ (ಮೋತಿ ಎಂದರೆ ಮುತ್ತು) ನನಗೆ ಹೆಚ್ಚು ದಿಟ ಅನಿಸುತ್ತದೆ. ಪೂರ್ತಿ ಬಲಿತ ಮಸೂರ ಪಾಪೆಯಲ್ಲಿ ಮುತ್ತಿನಂತೆ ಬೆಳ್ಳಗೆ ಕಾಣುತ್ತದಲ್ಲ! (‘ಮಸೂರ’ ಬೇಳೆಯ ಹೆಸರು, ಲ್ಯಾಟಿನ್ನಿನ ‘ಲೆನ್ಸ್’ ಕೂಡ ಅದೇ ಬೇಳೆ.) ‘ಬಲಿಯುವುದು’ ಎಂಬ ಮಾತು ಮಾತ್ರ ಅಪಾಯದ್ದು. ಬಲಿಯಲಿ ಎಂದು ಕಾಯುವ ಕಾಲ ಹೋಯಿತು. ಓದು, ಓಡಾಟಕ್ಕೆ ತೊಡಕಾದಾಗಲೇ ತೆಗೆಸಬಹುದು. ಅತಿಯಾಗಿ ಬಲಿತರೆ ಕಣ್ಣಿನ ಒತ್ತಡ ಏರಿ ನೋಟಕ್ಕೇ ಕುತ್ತು ಬರಬಹುದು.

ಆದರೂ ‘ಪೊರೆ’ಯನ್ನು ಕೈಬಿಡಿ ಎಂದು ನಾನು ಹೇಳಲಾರೆ; ಈ ಪದ ಕೇಳಿಯೇ ಜನ ತಪಾಸಣೆಗೆ ಬರುವುದು. ಮಾಹಿತಿ ಪತ್ರಗಳಲ್ಲಿ ಅದರ ಪಕ್ಕದಲ್ಲೇ ‘ಮಸೂರದ ಮಬ್ಬು’ ಎಂದೂ ಬರೆದರೆ ಓದುವವರಿಗೆ ತಿಳಿದೀತೇ?

ಇನ್ನೊಂದು ಸಂದೇಹ. ಹಳಗನ್ನಡದ ‘ಪಾವು’ ಹಾವಾಯಿತು, ಅದರ ಪೊರೆ ಮಾತ್ರ ಪೊರೆಯಾಗಿಯೇ ಉಳಿಯಿತು. ಭಾರದ ‘ಹೊರೆ’ಯೊಂದಿಗೆ ಗೊಂದಲವಾಗದಿರಲೆಂದೋ? ಕಣ್ಣಿಗೆ ‘ಪರೆ’ ಬಂದಿದೆ ಎನ್ನುವುದನ್ನು ಕೇಳಿದ್ದೇನೆ. ‘ಹೊರೆ’ ಎನ್ನುವುದನ್ನು ನಿಮ್ಮಲ್ಲಿ ಯಾರಾದರೂ ಕೇಳಿದ್ದೀರಾ?