ಪದಚರ್ಚೆ: ‘ಚಪ್ಪಟೆ ತಳದ ಸ್ಟೀರಿಂಗ್ ಚಕ್ರ’ ಸರಿಯೇ?

ಪ್ರಶ್ನೆ:
ಕಾರಿನ ಕೈಪಿಡಿಯೊಂದರ ಅನುವಾದದಲ್ಲಿ ‘ಫ್ಲಾಟ್ ಬಾಟಮ್ ಸ್ಟೀರಿಂಗ್ ವೀಲ್’ (ಕೆಳಭಾಗ ದುಂಡಗಿರದೆ ನೇರವಾಗಿರುವ ಸ್ಟೀರಿಂಗ್) ಎಂಬುದು ‘ಚಪ್ಪಟೆ ತಳದ ಸ್ಟೀರಿಂಗ್ ಚಕ್ರ’ ಆಗಿದೆ. ಓದಿದರೆ ದೋಸೆ ಕಾವಲಿ ಕಣ್ಣೆದುರು ಬರುತ್ತದೆ. ‘ಅರ್ಧಚಂದ್ರಾಕಾರದ’ ಎಂಬ ಸಲಹೆಯೂ ಇದೆ. ‘ಚುಕ್ಕಾಣಿ’ ಬಳಸಬಹುದೇ? ಈ ಬಗೆಯ ಸ್ಟೀರಿಂಗಿನ ಸಾಧಕ ಬಾಧಕ ಹೇಳುವ ಪುಟವೂ ಇರುವುದರಿಂದ ಪದ ಅಲ್ಲಿಗೂ ಒಗ್ಗಬೇಕು.

ಉತ್ತರ 1:
ಮೂರೂ ಪದ ತಕರಾರಿನವೇ. ಚಪ್ಪಟೆ ಎಂದರೆ ದಪ್ಪ ಕಳೆದುಕೊಂಡದ್ದು: ಚಪ್ಪಟೆ ಮೂಗು, ಗಾಲಿಗೆ ಸಿಕ್ಕಿ ಚಪ್ಪಟೆಯಾದ ಡಬ್ಬಿ. ಈ ಸ್ಟೀರಿಂಗಿನ ಬಳೆ ಕೆಳಗೂ ಕೈತುಂಬ ದಪ್ಪವೇ ಇರುತ್ತದೆ, ಬಾಗು ಮಾತ್ರ ಹೋಗಿದೆ. ಶಾಲೆಯ ರೇಖಾಗಣಿತದ ಮಾತಿನಲ್ಲಿ, ಕಂಸ ಇರಬೇಕಾದಲ್ಲಿ ಜ್ಯಾ ಇದೆ. ತಳ ಎಂಬುದು ವಸ್ತು ಕೂರುವ ಭಾಗ. ತಿರುಗುವ ಬಳೆಗೆ ತಳವೆಲ್ಲಿ? ಅರ್ಧ ಸುತ್ತಿಗೆ ಅದು ನೆತ್ತಿಗೇರುತ್ತದೆ. ‘ಚಕ್ರ’ವಂತೂ ಕೈಪಿಡಿಯಲ್ಲಿ ಅಪಾಯ. ‘ಚಕ್ರ ನೇರ ಮಾಡಿ’ ಎಂದರೆ ಕೈಯಲ್ಲಿರುವುದೋ ರಸ್ತೆಯ ಮೇಲಿರುವುದೋ?

ಅರ್ಧಚಂದ್ರ ಬೇಡವೇ ಬೇಡ. 370 ಮಿ.ಮೀ. ವ್ಯಾಸದ ಬಳೆಯ ಕೆಳಭಾಗವನ್ನು 20 ಮಿ.ಮೀ. ಮೇಲಕ್ಕೆ ತಂದರೆ ನೇರ ಭಾಗ ಸುಮಾರು 167 ಮಿ.ಮೀ.; 360 ಡಿಗ್ರಿಯಲ್ಲಿ ಹೋದದ್ದು 54ರಷ್ಟು. ಅರ್ಧಕ್ಕೆ ಹತ್ತಿರವೂ ಇಲ್ಲ.

ಚುಕ್ಕಾಣಿ ಅರಬ್ಬಿಯ ‘ಸುಕ್ಕಾನ್’ಗೆ ನಂಟಿರುವ ಹಡಗಿನ ಪದ. ಖಚಿತವಾಗಿ ಹೇಳಿದರೆ ಅದು ನೀರಿನೊಳಗಿನ ಹಲಗೆ, ಕೈಯಲ್ಲಿ ಹಿಡಿಯುವ ಭಾಗವಲ್ಲ. ಈಗ ಅದು ‘ಅಧಿಕಾರದ ಚುಕ್ಕಾಣಿ’ಗೇ ಮೀಸಲಾಗಿಬಿಟ್ಟಿದೆ, ಕಾರಿಗೆ ತಂದರೆ ನಗು ಬರುತ್ತದೆ.

ನನ್ನ ಆಯ್ಕೆ ‘ಅಡಿ ಮಟ್ಟಸದ ಸ್ಟೀರಿಂಗ್’. ಮಟ್ಟಸದಲ್ಲಿ ‘ಮಟ್ಟ’ ಇರುವುದು ಉಪಯೋಗಕ್ಕೂ ಹೊಂದುತ್ತದೆ: ಅಂಚು ಮಟ್ಟವಾಗಿ ಕಂಡರೆ ಮುಂದಿನ ಗಾಲಿ ನೇರ ಇದೆ. ಇನ್ನೊಂದು ಲಾಭ ತೊಡೆಗೆ. ಸೀಟು ಎತ್ತರಿಸಿ ಕೂರುವವರಿಗೆ, ದಪ್ಪ ತೊಡೆಯವರಿಗೆ ಹತ್ತಿ ಇಳಿಯುವಾಗ ಆ 20 ಮಿ.ಮೀ. ದೊಡ್ಡದೇ. ಸ್ಟೀರಿಂಗಿನ ಎತ್ತರ ಹೊಂದಿಸುವ ಟಿಲ್ಟ್ ಲಿವರ್‌ನಿಂದಲೂ ಅಷ್ಟು ಜಾಗ ಸಿಗಬಹುದು, ಆದರೆ ಸ್ಟೀರಿಂಗ್ ಮೇಲೆತ್ತಿದರೆ ಬಳೆ ಮೀಟರಿಗೆ ಅಡ್ಡ ಬರಬಹುದು.

ಉತ್ತರ 2:
ಪದಕ್ಕೆ ಒಪ್ಪಿಗೆ, ಕಾರಣಕ್ಕೆ ಅರ್ಧ ಮಾತ್ರ. ಒಂದು ತುದಿಯಿಂದ ಇನ್ನೊಂದು ತುದಿಗೆ ಸ್ಟೀರಿಂಗ್ ಮೂರು ಸುತ್ತು ತಿರುಗುವ ಕಾರಿನಲ್ಲಿ ನಡುವಿನಿಂದ ಆಚೆ ಒಂದೂವರೆ, ಈಚೆ ಒಂದೂವರೆ. ಅಂದರೆ ಪೂರ್ತಿ ಒಂದು ಸುತ್ತು ಎಡಕ್ಕೋ ಬಲಕ್ಕೋ ತಿರುಗಿಸಿದಾಗಲೂ ಅಂಚು ಮತ್ತೆ ಮಟ್ಟಸವೇ. ಗಾಲಿ ಮಾತ್ರ ಚೆನ್ನಾಗಿ ತಿರುಗಿರುತ್ತದೆ. ಪಾರ್ಕಿಂಗ್‌ನಲ್ಲಿ ಹೊಸಬರು ಮೋಸಹೋಗುವುದು ಇಲ್ಲೇ. ಕೈಪಿಡಿಯಲ್ಲಿ ‘ಮಟ್ಟಸ ಕಂಡರೆ ಗಾಲಿ ನೇರ’ ಎಂದು ಮಾತ್ರ ಬರೆಯಬೇಡಿ. ತೊಡೆಯ ಲಾಭವೂ ಸ್ಟೀರಿಂಗ್ ನೇರ ಇದ್ದಾಗಷ್ಟೇ. ತಿರುಗಿಸಿ ನಿಲ್ಲಿಸಿದರೆ ಕೆಳಗೆ ಬಂದಿರುವುದು ದುಂಡು ಭಾಗ.

ರೇಸ್ ಕಾರಿನಲ್ಲಿ ಈ ತಾಪತ್ರಯವಿಲ್ಲ. ಫಾರ್ಮುಲಾ ಒನ್ ಚಾಲಕರು ಹಿಡಿದ ಕೈ ಬಿಡದೆಯೇ ತಿರುವು ಮುಗಿಸುತ್ತಾರೆ, ಹಾಗಾಗಿ ಬಳೆ ದುಂಡಗಿರಬೇಕಾದ ಅಗತ್ಯವೇ ಇಲ್ಲ. ನಮ್ಮ ರಸ್ತೆಯಲ್ಲಿ ಯು ಟರ್ನ್ ಎಂದರೆ ಕೈ ಮೇಲೆ ಕೈ. ಸ್ಟೀರಿಂಗ್ ತಾನಾಗಿ ಹಿಂದಿರುಗುವಾಗ ಅಂಗೈಯಲ್ಲಿ ಜಾರಲು ಬಿಡುತ್ತೇವೆ. ಆಗ ಜ್ಯಾ ಮತ್ತು ಕಂಸ ಸೇರುವ ಮೂಲೆ ಕೈಗೆ ತಟ್ಟುತ್ತದೆ. ಮೂಲೆ ಉರುಟು ಮಾಡಿದಷ್ಟೂ ಇದು ಕಡಿಮೆ. ಬಾಧಕದ ಪಟ್ಟಿಯಲ್ಲಿ ಇದೇ ಮೊದಲು ಬರಲಿ.

ಕವರ್ ವಿಷಯವನ್ನೂ ಸೇರಿಸಿ. ಮೇಲಿನ ಅಳತೆಯಲ್ಲೇ ನೋಡಿದರೆ ಸುತ್ತಳತೆ ಕಡಿಮೆಯಾಗುವುದು 6 ಮಿ.ಮೀ.ನಷ್ಟೇ. ಆದರೂ ದುಂಡು ಕವರ್ ಕೂರುವುದಿಲ್ಲ: ಒಳಗಿನ ರಬ್ಬರ್ ಬಳೆ ದುಂಡಗಾಗಲು ಎಳೆಯುತ್ತಾ ನೇರ ಭಾಗದಲ್ಲಿ ಉಬ್ಬಿ ನಿಲ್ಲುತ್ತದೆ, ಕೈಯಲ್ಲಿ ಜಾರುತ್ತದೆ. ಸೂಜಿ ದಾರದಲ್ಲಿ ಹೊಲಿಯುವ ಕವರ್ ಆಗಬಹುದು.

ಪದ ಹುಟ್ಟಿಸುವ ಉತ್ಸಾಹಕ್ಕೆ ಒಂದು ಉದಾಹರಣೆ: 1973ರಲ್ಲಿ ಬ್ರಿಟನ್ನಿನ ಆಸ್ಟಿನ್ ಅಲೆಗ್ರೊ ಕಾರಿಗೆ ಮೂಲೆ ಉರುಟಾದ ಚೌಕದಂಥ ಸ್ಟೀರಿಂಗ್ ಬಂತು. ತಯಾರಕರು ಅದನ್ನು ‘ಕ್ವಾರ್ಟಿಕ್’ ಎಂದು ಕರೆದರು. ಒಂದೆರಡು ವರ್ಷದಲ್ಲೇ ದುಂಡು ಸ್ಟೀರಿಂಗ್ ಮರಳಿತು, ಹೆಸರಷ್ಟೇ ಉಳಿಯಿತು. ಗ್ಯಾರೇಜಿನಲ್ಲಿ, ಶೋರೂಮಿನಲ್ಲಿ ಎಲ್ಲರೂ ‘ಫ್ಲಾಟ್ ಬಾಟಮ್’ ಎಂದೇ ಹೇಳುವುದರಿಂದ, ಮೊದಲ ಸಲ ‘ಫ್ಲಾಟ್ ಬಾಟಮ್, ಅಂದರೆ ಅಡಿ ಮಟ್ಟಸದ ಸ್ಟೀರಿಂಗ್’ ಎಂದು ಬರೆದು ಮುಂದೆ ಕನ್ನಡ ಪದವನ್ನೇ ಬಳಸಿ.